ಕಳ್ಳಿ ಅಲ್ಲ ಅಂತ ಬರದು ಕೊಡ್ರಿ

"ಸೆರಗು ಕೊಡವೇ, ಕಳ್ಳಮುಂಡೆ. ಕುಪ್ಪಸದೊಳಗೆ ಇಟ್ಕೊಂಡಿದ್ಯಾ? ತೆಗಿ."

ಜಯನಗರದ ಆ ಮನೆಯ ಹಿತ್ತಲಲ್ಲಿ, ಅರ್ಧ ತಿಕ್ಕಿದ ಪಾತ್ರೆಗಳ ನಡುವೆ ಪಾರವ್ವ ನಿಂತಿದ್ದಳು. ಕೈತುಂಬ ಸೋಪಿನ ನೊರೆ. ಮನೆಯೊಡತಿ ಗಿರಿಜಾದೇವಿಯ ಒಂದು ಜೊತೆ ಚಿನ್ನದ ಬಳೆ ಬೆಳಿಗ್ಗೆಯಿಂದ ಕಾಣುತ್ತಿರಲಿಲ್ಲ. ಆರು ವರ್ಷದಿಂದ ಆ ಮನೆಯ ಕಸಮುಸುರೆ ಮಾಡುತ್ತಿದ್ದವಳು ಪಾರವ್ವ. ಬೇರೆ ಯಾರನ್ನೂ ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

"ನಾ ತಗೊಂಡಿಲ್ರೀ ಅವ್ವಾರ. ನನ್ನ ಮಕ್ಕಳಾಣಿ."

"ನಿನ್ ಮಕ್ಳಾಣೆ ಯಾವಳಿಗೆ ಬೇಕು? ಬಿಚ್ಚೇ ಅಂದ್ರೆ."

ಬಿಚ್ಚಿಸಿದರು. ಗಿರಿಜಾದೇವಿಯ ಮಗ ಸೋಮನಾಥ್, ನಾಲ್ಕನೇ ಬ್ಲಾಕಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಅಷ್ಟು ಹೊತ್ತೂ ಬಾಗಿಲಲ್ಲಿ ಬೆನ್ನು ತಿರುಗಿಸಿ ಫೋನ್ ನೋಡುತ್ತಿದ್ದ. ಏನೂ ಸಿಗಲಿಲ್ಲ ಅಂದಾಗ ಈ ಕಡೆ ತಿರುಗಿದ.

"ಇಂಥೋರು ಹಾಗೆಲ್ಲ ಬಾಯಿ ಬಿಡಲ್ಲ ಅಮ್ಮಾ."

ಒಲೆಯ ಮೇಲೆ ಕಾಯಿಸಿದ ದೋಸೆ ಮಗುಚುವ ಸಟ್ಟುಗವನ್ನು ತಂದವಳು ಗಿರಿಜಾದೇವಿ. ಸೋಮನಾಥ್ ಪಾರವ್ವನ ಮುಂಗೈ ಹಿಡಿದ. ಆಕೆ ಬರೆ ಇಟ್ಟಳು.

ಸಂಜೆತನಕ ಸ್ಟೋರ್ ರೂಮಿನಲ್ಲಿ ಕೂಡಿ ಹಾಕಿ ಆಮೇಲೆ ಪೊಲೀಸರನ್ನು ಕರೆಸಿದರು. ಪಾರವ್ವ ಒಂಬತ್ತು ದಿನ ಜೈಲಿನಲ್ಲಿದ್ದು ಬಂದಳು. ಅಷ್ಟರಲ್ಲಿ ಆ ರಸ್ತೆಯ ಎಲ್ಲ ಫೋನುಗಳಿಗೂ ಅವಳ ಫೋಟೋ ಹೋಗಿತ್ತು, ಕೆಳಗೆ 'ಎಚ್ಚರಿಕೆ' ಅಂತ ಬರೆದು. ಅವಳು ಕೆಲಸ ಮಾಡುತ್ತಿದ್ದ ಉಳಿದ ನಾಲ್ಕು ಮನೆಯವರೂ ಗೇಟು ತೆಗೆಯಲಿಲ್ಲ. ಮನೆಗೆಲಸದವರ ಸಂಘದ ವಕೀಲೆ ವನಿತಾ, ಸುಟ್ಟ ಕೈಯನ್ನು ಡಾಕ್ಟರಿಗೆ ತೋರಿಸಿ, ಠಾಣೆಯಲ್ಲಿ ಜಗಳವಾಡಿ ತಾಯಿ ಮಗನ ಮೇಲೆ ದೂರು ಬರೆಸಿದಳು. ಹಾಗಾಗಿ ಎರಡು ಕೇಸಾದವು. ಪಾರವ್ವನ ಮೇಲೆ ಕಳವಿನದು, ಅವರ ಮೇಲೆ ಸುಟ್ಟದ್ದು.

ಒಂದೂವರೆ ವರ್ಷ ಕಳೆಯಿತು. ಸೋಮನಾಥ್ ತನ್ನ ಸಮಾಜದ ಸಂಘದ ಚುನಾವಣೆಗೆ ನಿಲ್ಲಬೇಕೆಂದಿದ್ದ. ಕ್ರಿಮಿನಲ್ ಕೇಸು ಇದ್ದವರು ನಿಲ್ಲುವಂತಿರಲಿಲ್ಲ. ಪಾರವ್ವನ ಗಂಡ ಯಲ್ಲಪ್ಪ ಬಿಟಿಎಂನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದ. ಅಲ್ಲಿಯ ಸೆಕ್ರೆಟರಿ ಸೋಮನಾಥನ ಗೆಳೆಯ.

ಬಿಳೇಕಹಳ್ಳಿಯ ಶೀಟಿನ ಮನೆಗೆ ಬಂದ ಯಲ್ಲಪ್ಪ ಯೂನಿಫಾರ್ಮ್ ಬಿಚ್ಚದೆ ಹೊಸ್ತಿಲ ಮೇಲೆ ಕೂತ.

"ಅವರ ಕೇಸ್ ಅವರು ತಗೀತಾರಂತ. ನಿನ್ನ ಕೇಸ್ ನೀ ತಗಿ. ಇಲ್ಲಂದ್ರ ನನಗ ಕೆಲಸ ಇಲ್ಲ."

"ನನ್ನ ಕೈ ಸುಟ್ಟಿದ್ದು?"

"ಕೈ ಮಾಯ್ದೈತಿ. ಹೊಟ್ಟಿ ಮಾಯ್ತೈತೇನ, ಸೂಳಿಮಗಳ?"

ಪಾರವ್ವ ಒಂದು ವಾರ ತಡೆದಳು. ಆಮೇಲೆ ಸೋಮನಾಥನ ವಕೀಲ ಶ್ರೀಕರನ ಆಫೀಸಿಗೆ ಹೋಗಿ, ರಾಜಿಯಾಗಿ ಎರಡೂ ಕೇಸು ರದ್ದು ಮಾಡಿಸುವ ಅರ್ಜಿಗಳ ಮೇಲೆ ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿ ಬಂದಳು. ವನಿತಾಗೆ ಹೇಳಲು ನಾಚಿಕೆಯಾಗಿ ಹೇಳಲಿಲ್ಲ.

ಹೈಕೋರ್ಟಿನ ಬಾಗಿಲ ಹೊರಗೆ ಶ್ರೀಕರ್ ಪಾಠ ಒಪ್ಪಿಸಿಕೊಂಡ.

"ಜಡ್ಜ್ ಕೇಳಿದ್ರೆ ಏನಂತೀಯಾ?"

"ನನ್ನ ಸ್ವಂತ ಇಷ್ಟ. ಯಾರ ಒತ್ತಾಯನೂ ಇಲ್ಲ."

"ಅಷ್ಟೇ. ಜಾಸ್ತಿ ಮಾತು ಬೇಡ."

"ಸರ್ರ, ನಾ ಕದ್ದಿಲ್ಲ ಅಂತ ಅದ್ರಾಗ ಬರದೀರಿಲ್ರಿ?"

ಶ್ರೀಕರ್ ವಾಚು ನೋಡಿಕೊಂಡ. "ಅದೆಲ್ಲ ಬರಿಯಲ್ಲಮ್ಮಾ. ಇಬ್ಬರಿಗೂ ತಕರಾರಿಲ್ಲ ಅಂತ ಬರ್ದಿರುತ್ತೆ. ಬಳೆ ಹೇಗೂ ಮಾರನೇ ದಿನಾನೇ ಇವರ ಬೀರೂಲಿ ಸಿಕ್ಕಿತ್ತಲ್ಲ, ಇನ್ನೇನು?"

ಪಾರವ್ವ ಮಗನ ಜೊತೆ ಅಲ್ಲೇ ನಿಂತಿದ್ದ ಗಿರಿಜಾದೇವಿಯ ಕಡೆ ನೋಡಿದಳು. ಗಿರಿಜಾದೇವಿ ತನ್ನ ಬ್ಯಾಗಿನ ಜಿಪ್ ಎಳೆಯತೊಡಗಿದಳು.

"ಮಾರನೇ ದಿನ ಸಿಕ್ಕಿತ್ತೇನ್ರಿ ಅವ್ವಾರ? ನಾ ಜೈಲಿನ್ಯಾಗ ಇದ್ದಾಗ?"

"ಅಷ್ಟೊತ್ತಿಗೆ ಕಂಪ್ಲೇಂಟ್ ಕೊಟ್ಬಿಟ್ಟಿದ್ವಲ್ಲೇ. ಹಿಂದಕ್ಕೆ ತಗೊಂಡಿದ್ರೆ ನಮ್ ಮರ್ಯಾದೆ ಏನಾಗ್ತಿತ್ತು?"

ಒಳಗೆ ಕೇಸುಗಳು ಎರಡೆರಡು ನಿಮಿಷಕ್ಕೆ ಮುಗಿಯುತ್ತಿದ್ದವು. ಒಬ್ಬ ಕಾರು ಹತ್ತಿಸಿ ಇನ್ನೊಬ್ಬನ ಕಾಲು ಮುರಿದಿದ್ದ. ಕಾಲು ಮುರಿದವನು ಊರುಗೋಲಿನ ಮೇಲೆ ಎದ್ದು ನಿಂತು "ತಕರಾರಿಲ್ಲ ಸ್ವಾಮಿ" ಅಂದ. ಕೇಸು ರದ್ದು. ಗಂಡನಿಂದ ಹೊಡೆಸಿಕೊಂಡ ಹೆಂಗಸೊಬ್ಬಳು ನೆಲ ನೋಡುತ್ತ ಅದನ್ನೇ ಅಂದಳು. ರದ್ದು. ಪಾರವ್ವ ಪ್ರತಿಯೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು. ಅವಳ ಹೆಸರು ಕರೆದರು.

"ರಾಜಿ ಆಗಿರೋದು ನಿಮ್ಮ ಸ್ವಂತ ಇಷ್ಟದಿಂದಾನೇನಮ್ಮಾ?" ಜಡ್ಜ್ ಕಾಗದದಿಂದ ತಲೆ ಎತ್ತದೆ ಕೇಳಿದರು.

"ಇಲ್ರೀ."

ಜಡ್ಜ್ ತಲೆ ಎತ್ತಿದರು. ಶ್ರೀಕರ್ ಮುಂದೆ ಬಂದು, "ಗಾಬರಿಯಾಗಿದ್ದಾಳೆ, ಮೈ ಲಾರ್ಡ್," ಅಂದ. ಅವರು ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು.

"ಗಂಡನ ಕೆಲಸ ತಗೀತೀವಿ ಅಂದ್ರು. ಅದಕ್ಕ ಹೆಬ್ಬೆಟ್ಟು ಒತ್ತೀನ್ರಿ. ಕೇಸ್ ನಡೀಲ್ರಿ. ನನ್ನ ಮ್ಯಾಲಿಂದೂ ನಡೀಲ್ರಿ."

"ಅದು ನಿಮ್ಮ ಮೇಲಿರೋ ಕಳ್ಳತನದ ಕೇಸಮ್ಮಾ. ರದ್ದಾದ್ರೆ ನಿಮಗೇ ಒಳ್ಳೇದು."

"ರದ್ದಾದ್ರ ಕಳ್ಳಿನ್ನ ಬಿಟ್ರು ಅಂತಾರ್ರಿ. ಕಳ್ಳಿ ಅಲ್ಲ ಅಂತ ಯಾರೂ ಅನ್ನಂಗಿಲ್ಲ. ಬಳಿ ಮಾರನೇ ದಿನಾನ ಸಿಕ್ಕಿತ್ತಂತ, ಈಗ ಹೊರಗ ಹೇಳಿದ್ರು. ಆಕಿ ಕಟಕಟಿ ಹತ್ತಿ ಅದನ್ನ ಎಲ್ಲಾರ ಮುಂದ ಹೇಳ್ಲಿ. ನಾ ಕಳ್ಳಿ ಅಲ್ಲ ಅಂತ ಬರದು ಕೊಡ್ರಿ. ಅಲ್ಲೀತನಕ ನನ್ನ ಕೇಸ್ ನನಗಿರ್ಲಿ."

ಜಡ್ಜ್ ಶ್ರೀಕರನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವನ ಕತ್ತು ಬಗ್ಗಿತು. ಎರಡೂ ಅರ್ಜಿಗಳು ವಜಾ ಆದವು.

ಹೊರಗೆ ಸೋಮನಾಥ್ ಅವಳ ದಾರಿಗೆ ಅಡ್ಡ ನಿಂತ. "ಬೋಸುಡಿ, ಎಷ್ಟು ವರ್ಷ ಕೋರ್ಟಿಗೆ ಅಲೀತೀಯಾ ನೋಡ್ತೀನಿ."

"ನನಗ ಮನಿಕೆಲಸ ಇಲ್ರಿ ಸಾಹೇಬ್ರ. ನೀವೇ ಬಿಡ್ಸೀರಿ. ಬರಾಕ ಬೇಕಾದಷ್ಟು ಪುರಸೊತ್ತೈತಿ."

ಮಾರನೆಯ ದಿನವೇ ಯಲ್ಲಪ್ಪನ ಕೆಲಸ ಹೋಯಿತು. ಅವನು ಒಂದು ತಾಸು ಕೂಗಾಡಿದ, ಅನ್ನದ ತಟ್ಟೆ ಎಸೆದ. ಈಗ ಬನ್ನೇರುಘಟ್ಟ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡವೊಂದರಲ್ಲಿ ಇಬ್ಬರೂ ಜಲ್ಲಿ ಹೊರುತ್ತಾರೆ. ಕೋರ್ಟಿನ ತಾರೀಖು ಇದ್ದ ದಿನ ಅವನು ಪಾರವ್ವನನ್ನು ಬಸ್ಸಿಗೆ ಹತ್ತಿಸಿ ಹೋಗುತ್ತಾನೆ.

ಕಳವಿನ ಕೇಸು ಕೆಳಗಿನ ಕೋರ್ಟಿನಲ್ಲಿ ನಡೆಯತೊಡಗಿತು. ಪಾರವ್ವನ ಪರವಾಗಿ ಮತ್ತೆ ವನಿತಾ ನಿಂತಳು. ದೂರು ಕೊಟ್ಟವಳು ಗಿರಿಜಾದೇವಿಯಾದ್ದರಿಂದ ಅವಳೇ ಮೊದಲ ಸಾಕ್ಷಿ. ಎರಡು ಸಲ ಬಂದು ವಾಪಸು ಹೋಗಿದ್ದಳು. ಮೊದಲ ಸಲ ಜಡ್ಜ್ ರಜೆ, ಎರಡನೆಯ ಸಲ ಹೊತ್ತು ಮುಗಿದಿತ್ತು. ಮೂರನೆಯ ಸಲ ವರಾಂಡದ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಪಾರವ್ವ ಬಂದು ಅದೇ ಬೆಂಚಿನ ಮೇಲೆ, ಅವಳ ಮಗ್ಗುಲಲ್ಲೇ ಕೂತು ಬುತ್ತಿ ಬಿಚ್ಚಿದಳು. ಗಿರಿಜಾದೇವಿ ಸುತ್ತ ನೋಡಿದಳು. ಮೇಲೇಳು ಅನ್ನುವಂತಿರಲಿಲ್ಲ.

"ಮಂಡಿ ಹಿಡ್ಕೊಂಡಿದೆ ಕಣೇ," ಅಂದಳು ಕೊನೆಗೆ. "ಆ ವನಿತಾ ಎಲ್ಲರ ಮುಂದೆ ಏನೇನು ಕೇಳ್ತಾಳೋ. ಇನ್ನೂ ಎಷ್ಟು ಸಲ ಬರ್ಬೇಕು ನಾನು?"

"ಇದು ಮುಗದ ಮ್ಯಾಲ ಕೈ ಸುಟ್ಟ ಕೇಸ್ ಐತ್ರಿ. ಅದಕ್ಕ ನಿಮ್ಮ ಮಗನೂ ಬರಬೇಕು."

ಒಳಗಿನಿಂದ ಜವಾನ ಬಾಗಿಲಿಗೆ ಬಂದು ಗಿರಿಜಾದೇವಿಯ ಹೆಸರನ್ನು ಮೂರು ಸಲ ಕೂಗಿದ. ಅವಳು ಒಂದು ಕೈಯಿಂದ ಗೋಡೆ ಹಿಡಿದು ಏಳಲು ನೋಡಿದಳು, ಆಗಲಿಲ್ಲ. ಆರು ವರ್ಷದ ರೂಢಿಯಲ್ಲಿ ಇನ್ನೊಂದು ಕೈಯನ್ನು ಪಾರವ್ವನ ಕಡೆ ಚಾಚಿದಳು.

ಪಾರವ್ವ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.