ಅತ್ತೆ ನೀರು ಹಾಕಿದ ಮಧ್ಯಾಹ್ನ

ಸಂಶೋಧನಾ ಕೇಂದ್ರದ ಗಾಜುಮನೆಯ ಬಾಗಿಲು ತೆರೆದ ಸೊಸೆ ನೆಲ ಒದ್ದೆಯಾಗಿದ್ದು ಕಂಡು ಹೊಸ್ತಿಲಲ್ಲೇ ನಿಂತಳು. ಅವಳು ಮನೆಯಲ್ಲಿ ಮರೆತುಬಂದಿದ್ದ ಕನ್ನಡಕ ಕೊಡಲೆಂದು ಬಂದಿದ್ದ ಅತ್ತೆ ಖಾಲಿ ಕ್ಯಾನು ಹಿಡಿದು ನಿಂತಿದ್ದರು. ಸೊಸೆಯ ಮೀಟಿಂಗ್ ಮುಗಿಯುವ ತನಕ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ.

“ಅತ್ತೆ, ಇವಕ್ಕೆ ನೀರು ಹಾಕಿದ್ರಾ?”

“ಹಾಕದೆ? ಬಾಯಾರಿ ಸಾಯ್ತಿದ್ವಲ್ಲೇ. ಗಿಡ ಸಾಕೋಕೆ ಬರಲ್ಲ ಅಂದ್ರೆ ನನ್ನ ಕೇಳ್ಬಾರ್ದಾ?”

ಸೊಸೆ ಸ್ಟೂಲಿನ ಮೇಲೆ ಕುಸಿದಳು. ಮಣ್ಣು ಒಣಗಿದಾಗ ಮೆಕ್ಕೆಜೋಳದ ಬೇರು ಎಲೆಗೊಂದು ರಾಸಾಯನಿಕ ಸುದ್ದಿ ಕಳಿಸುತ್ತದೆ. ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ಇದ್ದಷ್ಟು ನೀರು ಉಳಿಸಿಕೊಳ್ಳುತ್ತದೆ. ಆ ಸುದ್ದಿಯನ್ನು ಮುಂಚೆಯೇ ಮುಟ್ಟಿಸುವ ದ್ರಾವಣವನ್ನು ಅವಳು ಅರ್ಧ ಕುಂಡಗಳಿಗೆ ಸಿಂಪಡಿಸಿ, ಎಲ್ಲಕ್ಕೂ ನೀರು ನಿಲ್ಲಿಸಿದ್ದಳು. ನಾಳೆ ಹಿರಿಯ ವಿಜ್ಞಾನಿಗಳು ನೋಡಲು ಬರುವವರಿದ್ದರು. ವರ್ಷದ ಕೆಲಸ ಮಣ್ಣುಪಾಲಾಯಿತಲ್ಲ ಎಂದು ಅವಳಿಗೆ ಅಳು ಬಂತು.

“ಎಲ್ಲಾದಕ್ಕೂ ಹಾಕಿದ್ರಾ?”

“ಎಲ್ಲಾದಕ್ಕೂ ಯಾಕೆ? ಈ ಕಡೆಯವು ಜೋತುಬಿದ್ದಿದ್ವು, ಪಾಪ. ಆ ಕಡೆಯವು ಗಟ್ಟಿಮುಟ್ಟಾಗಿವೆ, ಅವಕ್ಕೇನು ಉಪಚಾರ?”

ಸೊಸೆ ಓಡಿಹೋಗಿ ಆ ಕಡೆಯ ಒಂದೊಂದು ಕುಂಡದಲ್ಲೂ ಬೆರಳು ಚುಚ್ಚಿ ನೋಡಿದಳು. ಎಲ್ಲದರಲ್ಲೂ ಬರೀ ಒಣ ಮಣ್ಣು. ದ್ರಾವಣ ಸಿಂಪಡಿಸಿದ್ದ ಆ ಗಿಡಗಳು ಹನಿ ನೀರಿಲ್ಲದೆಯೂ ನೆಟ್ಟಗೆ ನಿಂತಿದ್ದವು. ಸಿಂಪಡಿಸದೆ ಬಾಡಿದ್ದವುಗಳ ಫೋಟೋ ಅವಳು ಬೆಳಿಗ್ಗೆಯೇ ತೆಗೆದಿಟ್ಟಿದ್ದಳು; ನಾಳೆ ತೋರಿಸಲು ಅಷ್ಟು ಸಾಕಿತ್ತು. ಅವಳಿಗೆ ನಗು ಬಂತು.

“ಯಾಕೇ ನಗ್ತೀಯಾ? ತಪ್ಪು ಮಾಡಿದ್ನಾ?”

“ದೊಡ್ಡ ತಪ್ಪೇ, ಅತ್ತೆ. ಆದ್ರೆ ಬಾಡಿದವನ್ನೇ ನೋಡಿ ನೋಡಿ ಹಾಕಿದ್ರಿ, ಬದುಕಿಕೊಂಡೆ.”