ಸುಕನ್ಯಳ ಟೇಪು, ಸಿಡ್ನಿಯ ದಾರಿ

ಇದು ನಡೆದದ್ದೇ. ನಂಬದವರು ಹಲಸೂರು ಮಾರ್ಕೆಟ್ ಹಿಂದಿನ ಬೀದಿಗೆ ಬಂದು ಸುಕನ್ಯಳ ಟೇಲರಿಂಗ್ ಅಂಗಡಿಯಲ್ಲಿ ವಿಚಾರಿಸಬಹುದು. ಕೈಯಲ್ಲೊಂದು ಬ್ಲೌಸ್ ಪೀಸ್ ಇದ್ದರೆ ಇನ್ನೂ ಚೆನ್ನಾಗಿ ಹೇಳುತ್ತಾಳೆ.

ಅವಳ ಒಬ್ಬಳೇ ಮಗಳು ಧನುಶ್ರೀ ಹಾಕಿ ಗೋಲ್‌ಕೀಪರ್. ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಆಡಿ ಮುಗಿಸಿ, ತಂಡದ ಜೊತೆ ಆಸ್ಟ್ರೇಲಿಯಾದ ಸಿಡ್ನಿಗೆ ವಿಮಾನ ಹತ್ತಿದ್ದಳು. ಚೆಂಡು ಎದೆಗೆ ಬಡಿದರೂ ಕದಲದ ಹುಡುಗಿ. ಅಮ್ಮ ಮಾತ್ರ ಮಗಳು ಆಕಾಶದಲ್ಲಿದ್ದಷ್ಟು ಹೊತ್ತೂ ಫೋನು ಕೈಬಿಡಳು.

ಬೆಳಗ್ಗೆ ಅಂಗಡಿ ಬಾಗಿಲು ತೆಗೆದವಳೇ ಗೋಡೆಯ ಭೂಪಟಕ್ಕೆ ಟೇಪು ಹಿಡಿದಳು. ಎಡಗಡೆ ಸ್ಯಾಂಟಿಯಾಗೊ, ಬಲಗಡೆ ಸಿಡ್ನಿ, ನಡುವೆ ಆಫ್ರಿಕಾ. ಇಪ್ಪತ್ತೈದಿಂಚು. ಆಮೇಲೆ ವಿಮಾನ ಎಲ್ಲಿದೆ ಅಂತ ಫೋನಿನಲ್ಲಿ ನೋಡಿದಳು. ಆಫ್ರಿಕಾ ಕಡೆ ಬರಬೇಕಾದದ್ದು ತಿರುಗಾಮುರುಗಾ ಎಡಕ್ಕೆ ಹೋಗಿ, ಕೆಳಗಿನ ಹಿಮದ ಕಡೆ ಮೂತಿ ಮಾಡಿತ್ತು. ಸುತ್ತ ಬರೀ ನೀರು. ನೋಡನೋಡುತ್ತಿದ್ದಂತೆ ಆ ಪುಟ್ಟ ವಿಮಾನ ಪರದೆಯಿಂದಲೇ ಮಾಯ.

ತಮ್ಮ ಸುನೀಲನಿಗೆ ಫೋನ್ ಹಚ್ಚಿದಳು. ಅವನು ಓದಿದ್ದು ಫಿಸಿಕ್ಸ್, ಹೊಟ್ಟೆ ತುಂಬುವುದು ಮಿಮಿಕ್ರಿಯಿಂದ.

"ಪ್ಲೇನು ಉಲ್ಟಾ ಹೋಗ್ತಿದೆ ಕಣೋ! ಈಗ ಕಾಣ್ತಾನೂ ಇಲ್ಲ!"

"ಇರಕ್ಕ, ವಿಚಾರಿಸ್ತೀನಿ" ಅಂತ ಇಟ್ಟುಬಿಟ್ಟ.

ಸ್ವಲ್ಪ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು. ಗರಗರ ಸದ್ದು, ಗಡಸು ಗಂಟಲು.

"ಸುಕನ್ಯ ಮೇಡಂ? ಪೈಲಟ್ ಮಾತಾಡ್ತಿರೋದು. ಇಲ್ಲೆಲ್ಲಾ ನೀರು, ಒಂದು ಬೋರ್ಡೂ ಕಾಣ್ತಿಲ್ಲ. ನಿಮ್ಮತ್ರ ಮ್ಯಾಪ್ ಇದೆ ಅಂತ ಧನುಶ್ರೀ ಹೇಳಿದ್ರು."

ಪೈಲಟ್ಟಿಗೆ ಕನ್ನಡ ಹೇಗೆ ಬಂತು ಅಂತ ಅವಳಿಗೆ ಹೊಳೆಯಲೇ ಇಲ್ಲ. ಮಗಳ ಹೆಸರು ಕೇಳಿತಲ್ಲ, ಅಷ್ಟೇ.

"ಇದೆ ಸಾರ್! ಮೊದ್ಲು ಯು-ಟರ್ನ್ ಹೊಡೀರಿ. ಚಿಲಿ ವಾಪಸ್ ಸಿಗುತ್ತೆ. ಅದನ್ನ ದಾಟಿ ನೇರ ಬಂದ್ರೆ ಆಫ್ರಿಕಾ. ಅಲ್ಲಿ ಯಾರನ್ನಾದ್ರೂ ಕೇಳಿ."

"ಯಾರನ್ನ ಮೇಡಂ, ಮೋಡಾನಾ?"

"ತಮಾಷೆ ಬೇಡ ಸಾರ್. ಡೀಸಲ್ ಇದೆಯಾ? ನನ್ನ ಮಗು ಏನಾದ್ರೂ ತಿಂದ್ಲಾ?" ದನಿ ಒಡೆದುಹೋಯಿತು.

ಆ ಕಡೆ ಗರಗರ ನಿಂತಿತು. "ಅಕ್ಕಾ... ನಾನು ಕಣೇ, ಸುನೀಲ."

ಎದುರಿನ ಟೀ ಅಂಗಡಿಯಿಂದ, ಅಲ್ಲಿಯವರ ಫೋನು ಕೈಯಲ್ಲಿ ಹಿಡಿದೇ ಓಡಿಬಂದವನ ಮೇಲೆ ಸೀಮೆಸುಣ್ಣ, ಸ್ಕೇಲು, ನೂಲಿನ ಉಂಡೆ ಎಲ್ಲವೂ ಬಿದ್ದವು. ಅವನು ತಲೆ ತಗ್ಗಿಸಿಕೊಂಡೇ ಭೂಪಟ ಇಳಿಸಿ, ಕೊಳವೆಯಂತೆ ಸುತ್ತಿ ಅಂಚಿಗೆ ಅಂಚು ಸೇರಿಸಿದ.

"ಭೂಮಿ ಗುಂಡಗಿದೆಯಲ್ಲಕ್ಕ. ನೀನು ಹಿಂದಿನಿಂದ ಬಳಸಿ ಅಳೆದಿದ್ದೀಯ. ಈಗ ಹಿಡಿ."

ಹದಿನೈದಿಂಚು.

"ಮತ್ತೆ ಹಿಮದ ಕಡೆ ಯಾಕೆ ಹೋದ?"

"ಕೆಳಗಡೆ ಭೂಮಿಯ ಸುತ್ತಳತೆ ಸಣ್ಣ. ಆ ಕಡೆಯಿಂದ ಇನ್ನೂ ಹತ್ರ."

ಸುತ್ತಳತೆ ಅಂದದ್ದೇ ಟೇಲರಿಗೆ ಅರ್ಥವಾಯಿತು, ತಾಯಿಗೆ ಆಗಲಿಲ್ಲ. "ಮಾಯ ಆಯ್ತಲ್ಲೋ?"

"ಅಷ್ಟು ದೊಡ್ಡ ಸಮುದ್ರದ ಮೇಲೆ ಸಿಗ್ನಲ್ ಸಿಗಲ್ಲ."

"ಸಿಗ್ನಲ್ಲೇ ಇಲ್ದಿದ್ರೆ ನಿನ್ನ ಆ ಪೈಲಟ್ ನಂಗೆ ಹೇಗೋ ಫೋನ್ ಮಾಡ್ದ?"

"ಅದನ್ನ ಆಗ್ಲೇ ಕೇಳ್ಬೇಕಿತ್ತು."

ಅವಳು ನಗಲಿಲ್ಲ. ಮಿಷನ್ ತುಳಿಯಲಿಲ್ಲ. ಬಂದ ಗಿರಾಕಿಗಳಿಗೆ ನಾಳೆ ಬನ್ನಿ ಅಂದಳು. ಸುನೀಲ ತಂದಿಟ್ಟ ಟೀಯ ಮೇಲೆ ಕೆನೆ ಕಟ್ಟಿತು.

ಮಧ್ಯಾಹ್ನ ಫೋನು ನಡುಗಿತು. "ಅಮ್ಮಾ, ಸಿಡ್ನಿ. ಇಳಿದ್ವಿ."

ಸುಕನ್ಯ ಕತ್ತರಿಸಿದ ಬಟ್ಟೆಚೂರುಗಳ ನಡುವೆ ನೆಲದಲ್ಲೇ ಕೂತಳು. ಮೊದಲು ಬಾಯಿಂದ ಬಂದದ್ದು ಇದು: "ಧನೂ, ನಿಮ್ಮ ಪೈಲಟ್ ನನ್ನತ್ರ ದಾರಿ ಕೇಳ್ದ ಕಣೇ! ಯಾರನ್ನಾದ್ರೂ ಕೇಳ್ಕೊಂಡು ಹೋಗಿ ಸಾರ್ ಅಂದ್ಬಿಟ್ಟೆ!"

ಮಗಳು ನಕ್ಕಳು. ಬಾಗಿಲ ಹತ್ತಿರ ನಿಂತಿದ್ದ ಸುನೀಲನೂ ಹೆದರಿ ಹೆದರಿ ನಕ್ಕ. ಸುಕನ್ಯಳ ನಗು ಎಷ್ಟು ಜೋರಾಗಿತ್ತೆಂದರೆ, ಎದುರಿನ ಟೀ ಅಂಗಡಿಯವರೆಲ್ಲ ಎದ್ದು ಬಂದು ಇಣುಕಿದರು.