ನಮ್ಮ ಕಡೆಯವನು ಅಂದರೆ ಸಾಕೇ?

ನಮ್ಮ ಸೀಮೆಯಲ್ಲಿ ಹೊಸಬರು ಮನೆ ಬಾಗಿಲಿಗೆ ಬಂದರೆ ಮೊದಲು ಕೇಳುವುದು ಒಂದೇ ಮಾತು: “ಯಾರ ಕಡೆಯವ್ರು?” ಬಂದವರು ನಮಗೆ ಗೊತ್ತಿರುವ ಒಂದು ಹೆಸರು ಹೇಳಿದರೆ ಮುಗಿಯಿತು. ಚಾಪೆ ಹಾಸುತ್ತೇವೆ, ನೀರು ಕೊಡುತ್ತೇವೆ, ಊಟಕ್ಕೆ ಏಳಿ ಅನ್ನುತ್ತೇವೆ. ಆ ಹೆಸರಿನವರನ್ನೇ ಹೋಗಿ ಕೇಳುವುದುಂಟೇ? ಎಲ್ಲಿ ಬಂತು! ತುಮಕೂರಿನ ಕುಲ್ಸುಂ ಬೀ ಕೂಡ ಕೇಳಲಿಲ್ಲ.

ಎಂಬತ್ನಾಲ್ಕನೇ ಇಸವಿಯ ದಸರಾ ರಜೆ ಹತ್ತಿರ ಬಂದಿತ್ತು. ಶಿರಾ ಗೇಟಿನ ಹಿಂದಿನ ಗಲ್ಲಿಯಲ್ಲಿ ಕುಲ್ಸುಂ ಬೀ ಮನೆ. ಗಂಡ ಮಹಮ್ಮದ್ ಇಸ್ಮಾಯಿಲ್‌ಗೆ ಸೈಕಲ್ ಅಂಗಡಿ. ಮಗಳು ಶಕೀಲಾ ಪಿಯುಸಿ ಪಾಸು ಮಾಡಿದ್ದಳು. ಊರಿನ ಯುವಜನ ಸಂಘದವರು ರಜೆಯಲ್ಲಿ ಗುಬ್ಬಿ ತಾಲ್ಲೂಕಿನ ಕಡಬಕ್ಕೆ ಹೋಗಿ, ಹತ್ತು ದಿನ ಇದ್ದು, ಹೆಂಗಸರಿಗೆ ಓದು ಬರಹ, ಮಕ್ಕಳಿಗೆ ಪಾಠ ಹೇಳಿಕೊಡುವುದೆಂದು ಗೊತ್ತುಮಾಡಿದ್ದರು. ಶಕೀಲಾಗೂ ಹೋಗುವ ಆಸೆ. ಅಮ್ಮನ ಹಿಂದೆ ಮುಂದೆ ಸುತ್ತಿ, ಅತ್ತು ಕರೆದು, ಕೊನೆಗೂ ಹೂಂ ಅನ್ನಿಸಿಕೊಂಡಿದ್ದಳು.

ಅಷ್ಟರಲ್ಲಿ ಮೂಲೆ ಅಂಗಡಿ ಬುಡನ್ ಸಾಬ್ ಬಂದು ಬೆಂಕಿ ಹಚ್ಚಿದ.

“ಯಾರೋ ಹಳ್ಳಿ ಹೆಂಗಸು ಬಂದಿದ್ಲಮ್ಮ. ನಿಮ್ಮ ಶಕೀಲಾ ಹೆಂಗೆ, ಯಾರ ಜೊತೆ ಓಡಾಡ್ತಾಳೆ, ಮಕ್ಕಳ ಜೊತೆ ಹೆಂಗಿರ್ತಾಳೆ ಅಂತ ಕೇಳಿದ್ಲು. ಪಕ್ಕದ ಮನೇಲೂ ಕೇಳಿದ್ಲಂತೆ, ಕಾಲೇಜಲ್ಲೂ ಕೇಳಿದ್ಲಂತೆ.”

ಕುಲ್ಸುಂ ಬೀಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೇಳಬೇಕೆ!

“ನನ್ ಮಗಳೇನು ಕಳ್ಳತನ ಮಾಡಿ ಸಿಕ್ಕಾಕ್ಕೊಂಡವ್ಳಾ? ಪುಕ್ಕಟೆ ಪಾಠ ಹೇಳ್ಕೊಡಾಕೆ ಹೋಗೋಳ್ಗೆ ಇದು ಮರ್ಯಾದೆನಾ? ನೀನು ಎಲ್ಲೂ ಹೋಗ್ಬೇಡ ಕಣೇ, ಮನೇಲೇ ಬಿದ್ದಿರು!”

ಶಕೀಲಾ ಒಳಗೆ ಹೋಗಿ ಮುಸುಕು ಹಾಕಿಕೊಂಡು ಮಲಗಿದಳು. ಅಂದು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮಾರನೇ ದಿನ ಆ ಹೆಂಗಸೇ ಬಾಗಿಲಿಗೆ ಬಂದಳು. ಕಡಬದ ಮಹಿಳಾ ಮಂಡಳಿ ಅಧ್ಯಕ್ಷೆ ಚೆನ್ನಮ್ಮ. ಊರಿಗೆ ಬರುವ ಹುಡುಗಿಯರಿಗೆ ಅವಳ ಮನೆಯಲ್ಲೇ ವಾಸ್ತವ್ಯ.

“ಬಾಯಿಗೆ ಬಂದಂಗೆ ಬೈದುಬುಡಿ ಅಕ್ಕ, ಬೈಸ್ಕೊಳ್ಳೋಕೇ ಬಂದಿದೀನಿ,” ಎಂದು ನಗುತ್ತಾ ಜಗುಲಿ ಮೇಲೆ ಕೂತೇಬಿಟ್ಟಳು.

“ನಾವು ಮುಸಲ್ಮಾನ್ರು ಅಂತ ತಾನೇ ಇಷ್ಟೆಲ್ಲ ವಿಚಾರಣೆ?” ಕುಲ್ಸುಂ ಬೀ ಮುಖಕ್ಕೆ ಹೊಡೆದ ಹಾಗೆ ಕೇಳಿದಳು.

“ಅಯ್ಯೋ, ಬುಡ್ತು ಅನ್ನಿ! ಸಂಘದ ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು ಇದಾರಲ್ಲ, ಅವ್ರ ಸ್ವಂತ ಅಕ್ಕನ ಮಗನ ವಿಚಾರಾನೂ ಗುಬ್ಬಿಗೋಗಿ ಕೇಳ್ಕೊಂಡ್ ಬಂದಿದೀನಿ. ನನ್ನ ವಿಚಾರಾನೂ ಮೇಷ್ಟ್ರು ನಮ್ಮೂರಲ್ಲಿ ಕೇಳಿಸವ್ರೆ. ಕೇಳ್ಲಿ ಬುಡಿ, ನಿಮ್ ಮಗಳು ಮಲಗೋ ಮನೆ ಹೆಂಗೈತೆ ಅಂತ ನಿಮಗೂ ಗೊತ್ತಾಗ್ಬೇಕಲ್ವಾ?”

ಕುಲ್ಸುಂ ಬೀ ತಾನೂ ಜಗುಲಿಯ ಅಂಚಿಗೆ ಕೂತಳು.

“ಹೆಣ್ಣು ಕೊಡೋಕೆ ಮುಂಚೆ ನಾಕು ಮನೆ ಬಾಗಿಲು ತಟ್ಟಿ ಕೇಳ್ತೀವಿ. ಅದಕ್ಕೆ ಯಾರಾದ್ರೂ ಬೇಜಾರ್ ಮಾಡ್ಕೋತಾರಾ? ಇಲ್ಲೂ ಹಂಗೇಯ. ಹತ್ತು ದಿನ ನಮ್ ಮಕ್ಕಳನ್ನ ನಿಮ್ಮೋರ ಕೈಗೆ ಕೊಡ್ತೀವಿ, ನೀವು ನಿಮ್ ಮಗಳನ್ನ ನಮ್ ಕೈಗೆ ಕೊಡ್ತೀರಿ. ನಿಮ್ ಶಕೀಲಾ ಚಿನ್ನದಂಥ ಹುಡುಗಿ ಅಂತ ಎಲ್ರೂ ಅಂದ್ರು. ಕೇಳಿ ನಂಗೇ ಹೊಟ್ಟೆ ತಣ್ಣಗಾಯ್ತು.”

ಮಗಳ ಹೊಗಳಿಕೆ ಕೇಳಿದ ಮೇಲೆ ಯಾವ ತಾಯಿಯ ಸಿಟ್ಟು ತಾನೇ ನಿಲ್ಲುತ್ತದೆ? ಕುಲ್ಸುಂ ಬೀ ಒಳಗೆ ಹೋಗಿ ಟೀ ತಂದಳು.

“ಇನ್ನೊಬ್ರು ಬಾಕಿ ಅವ್ರೆ,” ಅಂದಳು ಚೆನ್ನಮ್ಮ. “ಮಕ್ಕಳಿಗೆ ಸಂಜೆ ಪಾಠ ಹೇಳಾಕೆ ಬರ್ತಿರೋ ಕುಣಿಗಲ್ ಹುಡುಗ. ಅವನಿಗೆ ನೀವೇ ಜವಾಬ್ದಾರಿ ಅಂದ್ರಂತೆ. ಮೇಷ್ಟ್ರು ಹೇಳಿದ್ರು.”

“ಹೂಂ, ನಾನೇ ಅಂದಿದ್ದು. ಕುಣಿಗಲ್ ನನ್ ತವರು. ಮನೆಗೆ ಬಂದು ಬಾಯ್ತುಂಬಾ ‘ಅಕ್ಕ’ ಅಂದ. ನನ್ ತಮ್ಮ ಮುಖ್ತಾರ್ ಅಹಮದ್ ಹೆಸರು ಹೇಳ್ದ. ಅವನನ್ನ ವಿಚಾರಿಸೋದೇ ಬೇಡ. ನಮ್ ಕಡೆಯವ್ನು!”

“ನಿಮ್ ತಮ್ಮನ್ನ ಕೇಳಿದ್ರಾ?”

ತವರಿನ ಹೆಸರು ಕಿವಿಗೆ ಬಿದ್ದ ಕೂಡಲೇ ಕುಲ್ಸುಂ ಬೀ ಅವನಿಗೆ ಅನ್ನ ಹಾಕಿದ್ದಳು. ತಮ್ಮನನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ.

“ಬನ್ನಿ, ಈಗಲೇ ಹೋಗೋಣ. ಅವನು ಎಂಥಾ ಒಳ್ಳೆಯವ್ನು ಅಂತ ನಿಮ್ ಕಿವಿಯಾರೆ ಕೇಳ್ಕೊಳ್ಳಿ,” ಎಂದು ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟಳು. ಇಬ್ಬರೂ ಕುಣಿಗಲ್ ಬಸ್ಸು ಹತ್ತಿದರು.

ಮುಖ್ತಾರ್ ಅಂಗಡಿಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಅಕ್ಕ ಬಂದ ಕಾರಣ ಕೇಳಿ ಕೈಲಿದ್ದ ಚಿಮಟ ಕೆಳಗಿಟ್ಟ.

“ಅವನಾ? ನಮ್ ಹಿಂದಿನ ಬೀದೀಲಿ ಬಾಡಿಗೆಗಿದ್ದ, ಅಷ್ಟೇ. ನಂಗೇನು ನಂಟನಾ? ನನ್ ಹೆಸರು ಹೇಳಿದ್ನಾ ಅವನು? ಅಕ್ಕ, ಆ ಬೀದೀಲಿ ಚಿಕ್ಕಗಂಗಮ್ಮ ಅಂತ ಇದಾರೆ. ಅವ್ರನ್ನ ಕೇಳು. ನನ್ ಬಾಯಲ್ಲಿ ಬೇಡ.”

ಚಿಕ್ಕಗಂಗಮ್ಮ ಇಬ್ಬರನ್ನೂ ಒಳಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡಳು. ಹೇಳಲು ಬಹಳ ಹೊತ್ತು ಹಿಡಿಯಿತು. ಅವಳ ಪುಟ್ಟ ಮಗಳು ಅವನ ಬಳಿ ಟ್ಯೂಷನ್‌ಗೆ ಹೋಗುತ್ತಿದ್ದಳು. ಉಳಿದ ಮಕ್ಕಳನ್ನು ಕಳಿಸಿ, ಇವಳೊಬ್ಬಳನ್ನೇ ಕೂರಿಸಿಕೊಳ್ಳುತ್ತಿದ್ದ. ಮೈ ಮುಟ್ಟುತ್ತಿದ್ದ. ಮನೆಯಲ್ಲಿ ಹೇಳಬೇಡ ಅಂತ ಹೆದರಿಸಿದ್ದ. ಪುಣ್ಯಾತ್ಗಿತ್ತಿ ಮಗು, ಅಮ್ಮನ ಹತ್ತಿರ ಹೇಳಿಬಿಟ್ಟಿತು. ಬೀದಿಯವರು ಅವನನ್ನು ಊರು ಬಿಡಿಸಿದರು. ಮರ್ಯಾದೆಗೆ ಅಂಜಿ ಪೊಲೀಸರಿಗೂ ಹೇಳಲಿಲ್ಲ, ಬೇರೆ ಊರಿಗೂ ತಿಳಿಸಲಿಲ್ಲ.

ಕುಲ್ಸುಂ ಬೀ ಹಣೆ ಚಚ್ಚಿಕೊಂಡಳು. ಇಂಥವನಿಗೆ ನಾನು ಜವಾಬ್ದಾರಿ ಅಂದೆನಲ್ಲ! ಕಡಬದ ಅಷ್ಟೂ ಮಕ್ಕಳನ್ನು ಇವನ ಮುಂದೆ ಕೂರಿಸುತ್ತಿದ್ದೆನಲ್ಲ! ಬುರ್ಖಾದ ಅಂಚು ಬಾಯಿಗೆ ಒತ್ತಿಕೊಂಡು ಅತ್ತಳು.

“ನೀವ್ಯಾಕಮ್ಮ ಅಳ್ತೀರಾ?” ಅಂದಳು ಚಿಕ್ಕಗಂಗಮ್ಮ. “ಅವನು ಹೋಗಿ ಎಷ್ಟೋ ದಿನ ಆಯ್ತು. ಯಾರಾದ್ರೂ ಬಂದು ಕೇಳಿದ್ರೆ ಹೇಳೋಣ ಅಂತ ಕಾಯ್ತಾ ಇದ್ದೆ. ನಾನಾಗಿ ಹೋಗಿ ಹೇಳೋ ಧೈರ್ಯ ಇರ್ಲಿಲ್ಲ. ಬಂದು ಕೇಳಿದವರು ನೀವೇ ಮೊದಲು.”

ಇಬ್ಬರೂ ವಾಪಸ್ಸು ಬಂದು ಹೇಳಿದ್ದು ಕೇಳಿ ಲಕ್ಷ್ಮೀನರಸಿಂಹಯ್ಯ ಮೇಷ್ಟರು ಅಂದೇ ಅವನನ್ನು ಸಂಘದಿಂದ ಹೊರಗೆ ಹಾಕಿದರು. ಚಿಕ್ಕಗಂಗಮ್ಮ ಒಪ್ಪಿದ ಮೇಲೆ ಅವಳ ಜೊತೆಗೆ ಹೋಗಿ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟರು. ಸುತ್ತಲ ಊರಿನ ಸಂಘಗಳಿಗೂ ತಿಳಿಸಿದರು. ಆ ಪುಣ್ಯಾತ್ಮನ ಹೆಸರು ನಮ್ಮ ಬಾಯಲ್ಲಿ ಬೇಡ ಬಿಡಿ, ತಿಳಿಯಬೇಕಾದವರಿಗೆಲ್ಲ ತಿಳಿಯಿತು.

ಕಡಬಕ್ಕೆ ಹೊರಡುವ ದಿನ ಶಕೀಲಾಳನ್ನು ಕರೆದೊಯ್ಯಲು ಚೆನ್ನಮ್ಮನೇ ಬಂದಳು. ಕುಲ್ಸುಂ ಬೀ ಅವಳ ಎರಡೂ ಕೈ ಹಿಡಿದುಕೊಂಡಳು.

“ನನ್ ಬಾಯಿ ಕೆಟ್ಟದ್ದು, ಏನೇನೋ ಅಂದುಬಿಟ್ಟೆ. ನೀವು ಕೇಳ್ದೆ ಹೋಗಿದ್ರೆ ಏನಾಗೋದು ಅಂತ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ ಚೆನ್ನಮ್ಮೋರೆ. ಅಲ್ಲಾಹ್ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ನಿಮ್ಮ ಉಪಕಾರ ಸಾಯೋಗಂಟ ಮರೆಯಲ್ಲ.”

“ಉಪಕಾರ ಆ ಕುಣಿಗಲ್ ಮಗೀಂದು, ಅಕ್ಕ. ಬಾಯ್ಬಿಟ್ಟು ಹೇಳ್ತಲ್ಲ,” ಅಂದಳು ಚೆನ್ನಮ್ಮ. ಇಬ್ಬರ ಕಣ್ಣಲ್ಲೂ ನೀರು.

ಅಕ್ಕಂದಿರೇ, ಅಣ್ಣಂದಿರೇ, ಬೇರೆ ಊರಿಂದ ಸೇವೆ ಮಾಡಲು ಬರುವವರನ್ನು ಸಂತೋಷವಾಗಿ ಕರೆಯಿರಿ. ಅವರಲ್ಲಿ ಬಹುಪಾಲು ಶಕೀಲಾಳಂಥ ಒಳ್ಳೆಯ ಮಕ್ಕಳೇ. ಆದರೆ ಕರೆಯುವ ಮೊದಲು ವಿಚಾರಿಸಿ. ಅವರು ಹೇಳಿದ ಹೆಸರಿನವರನ್ನೇ ಹೋಗಿ ಕಾಣಿ. ಹಿಂದೆ ಎಲ್ಲಿದ್ದರು, ಅಲ್ಲಿಂದ ಯಾಕೆ ಬಂದರು ಕೇಳಿ. ನಿಮ್ಮವರಾದರೂ ಕೇಳಿ, ಮೇಷ್ಟರ ಮನೆಯವರಾದರೂ ಕೇಳಿ. ಯಾರೇ ಆಗಲಿ, ಮಗುವನ್ನು ಒಂಟಿಯಾಗಿ ಇಟ್ಟುಕೊಳ್ಳಲು ಬಿಡಬೇಡಿ. ಮಗು ಬಂದು ಏನಾದರೂ ಹೇಳಿದರೆ ಬೈಯಬೇಡಿ, ನಂಬಿ. ನಿಮ್ಮನ್ನೇ ಯಾರಾದರೂ ವಿಚಾರಿಸಿದರೆ ಮುಖ ಊದಿಸಿಕೊಳ್ಳಬೇಡಿ, ಒಂದು ಲೋಟ ಟೀ ಕೊಟ್ಟು ಕಳಿಸಿ.

ಯಾವುದೋ ಊರಲ್ಲಿ, ಯಾವುದೋ ಬೀದಿಯಲ್ಲಿ, ಒಬ್ಬ ತಾಯಿ ಯಾರಾದರೂ ಬಂದು ಕೇಳಲಿ ಅಂತ ಕಾಯುತ್ತಾ ಕೂತಿರಬಹುದು. ಹೋಗಿ ಕೇಳಿ.